ಕಟಕಟೆ ಖಾಲಿ ಇದ್ದ ದಿನಗಳು

(ನಮ್ಮೂರಿನ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವಾಗ ನಾನು ಎಷ್ಟು ಸಲ ‘ಅಂದ್ರೆ’ ಅನ್ನುತ್ತೇನೆ ಅಂತ ಗೊತ್ತಾಯಿತು. ಅವನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚು ಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ನಾನು ಜಿಲ್ಲಾ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಭಾಷಣದ ಅಭ್ಯಾಸ ಇಲ್ಲ. ಕೋರ್ಟಿನಲ್ಲಿ ಮಾತು ಉದ್ದವಾದರೆ ಜಡ್ಜ್ ಸಾಹೇಬರು ‘ಪಾಯಿಂಟಿಗೆ ಬನ್ನಿ’ ಅನ್ನುತ್ತಾರೆ. ಇಲ್ಲಿ ಹಾಗೆ ಅನ್ನುವವರು ಯಾರೂ ಇಲ್ಲ. ಅದೇ ನನಗೆ ಭಯ.

ಕೊರೊನಾದಿಂದ ಕೋರ್ಟುಗಳಲ್ಲಿ ಕೇಸು ಎಷ್ಟು ಹೆಚ್ಚಾಯಿತು, ಅದನ್ನು ಹೇಳಿ ಅಂದರು ವಾಚನಾಲಯದವರು. ಅಂಕಿ ಹೇಳುವುದು ಒಂದು ನಿಮಿಷದ ಕೆಲಸ. ದೇಶದ ಜಿಲ್ಲಾ, ತಾಲ್ಲೂಕು ಕೋರ್ಟುಗಳಲ್ಲಿ ಕೊರೊನಾಕ್ಕೆ ಮುಂಚೆ ಬಾಕಿ ಇದ್ದದ್ದು 3 ಕೋಟಿಗಿಂತ ಸ್ವಲ್ಪ ಜಾಸ್ತಿ. 2022ರ ಹೊತ್ತಿಗೆ ಅದು 4 ಕೋಟಿ ದಾಟಿತ್ತು. ಹತ್ತರಲ್ಲಿ ಏಳು ಕ್ರಿಮಿನಲ್ ಕೇಸು. ಮುಗಿಯಿತು, ಕಾಫಿಗೆ ಹೋಗಬಹುದು.

ಆದರೆ ಆ ಕೋಟಿ ಲೆಕ್ಕದಲ್ಲಿ ಹೆಲ್ಮೆಟ್ ಹಾಕದ ಕೇಸೂ ಒಂದೇ, ಕೊಲೆ ಕೇಸೂ ಒಂದೇ. ಎರಡಕ್ಕೂ ಒಂದೊಂದು ನಂಬರು. ಹಾಗಾಗಿ ಇವತ್ತು ರಾಶಿ ಎಷ್ಟು ದೊಡ್ಡದಾಯಿತು ಅನ್ನುವುದಕ್ಕಿಂತ, ಕೋರ್ಟಿನಲ್ಲಿ ನಿಜವಾಗಿ ನಿಂತದ್ದು ಯಾವುದು ಅನ್ನುವುದನ್ನು ಹೇಳುತ್ತೇನೆ. ನನ್ನ ಪ್ರಕಾರ ನಿಂತದ್ದು ಒಂದೇ ಒಂದು ಕೆಲಸ. ಸಾಕ್ಷಿ ವಿಚಾರಣೆ. ಉಳಿದದ್ದೆಲ್ಲ ಕುಂಟುತ್ತಾ ತೆವಳುತ್ತಾ ನಡೆಯಿತು. ಕಟಕಟೆ ಮಾತ್ರ ಖಾಲಿ ಇತ್ತು.

2020ರ ಮಾರ್ಚ್ 24 ನಿಮಗೆಲ್ಲ ನೆನಪಿರುತ್ತದೆ. ಮಾರನೇ ದಿನ ಯುಗಾದಿ. ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಗೆ ಬಂದರು, ಬೇವು ಬೆಲ್ಲ ತರಲು ಹೋದವರು ಅಂಗಡಿ ಮುಂದೆ ಕ್ಯೂ ನಿಂತರು. ಮಾರ್ಚ್ 26ಕ್ಕೆ ನನ್ನದೊಂದು ಕೊಲೆ ಕೇಸಿನಲ್ಲಿ ಮೂವರು ಸಾಕ್ಷಿಗಳ ವಿಚಾರಣೆ ಇತ್ತು. ಸಮನ್ಸ್ ಜಾರಿಯಾಗಿತ್ತು. ಅದರಲ್ಲಿ ಒಬ್ಬರು ಟೀ ಅಂಗಡಿಯವರು, ಗಲಾಟೆ ಕಣ್ಣಾರೆ ನೋಡಿದವರು. ಆ ವಾಯಿದೆ ಮುಂದಕ್ಕೆ ಹೋಯಿತು. ಎಷ್ಟು ಮುಂದಕ್ಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಕೋರ್ಟು ಪೂರ್ತಿ ಬಾಗಿಲು ಹಾಕಿಕೊಂಡಿತ್ತು ಅಂದರೆ ತಪ್ಪಾಗುತ್ತದೆ. ಸುಪ್ರೀಂ ಕೋರ್ಟು ಮಾರ್ಚ್ 23ರಂದೇ ತಾನಾಗಿ ಎರಡು ಆದೇಶ ಮಾಡಿತು. ಒಂದು, ಮೇಲ್ಮನವಿ, ಅರ್ಜಿ ಹಾಕುವ ಕಾಲಮಿತಿಯನ್ನು ಮಾರ್ಚ್ 15ರಿಂದಲೇ ಲೆಕ್ಕಕ್ಕೆ ಹಿಡಿಯಬಾರದು ಅಂತ. ಈ ರಿಯಾಯಿತಿ ಹಿಗ್ಗುತ್ತಾ ಹಿಗ್ಗುತ್ತಾ 2022ರ ಫೆಬ್ರವರಿ 28ರ ತನಕ ಬಂತು. ಇನ್ನೊಂದು, ಜೈಲು ಸೋಂಕಿನ ಗೂಡಾಗದ ಹಾಗೆ ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ಮಾಡಿ, ಬಿಡಬಹುದಾದವರನ್ನು ಬಿಡಿ ಅಂತ. ಏಪ್ರಿಲ್ 6ಕ್ಕೆ ಮೂರನೇ ಆದೇಶ. ಅದು ವಿಡಿಯೊ ಮೂಲಕ ಕೋರ್ಟು ನಡೆಸುವ ಬಗ್ಗೆ.

ನಮಗೆ ಮುಖ್ಯವಾದದ್ದು ಈ ಮೂರನೆಯದು. ವಿಡಿಯೊವನ್ನು ಮುಖ್ಯವಾಗಿ ವಾದ ಕೇಳುವುದಕ್ಕೆ ಬಳಸಿ, ಎರಡೂ ಕಡೆಯವರು ಒಪ್ಪದೆ ಸಾಕ್ಷ್ಯ ಮಾತ್ರ ದಾಖಲಿಸಬೇಡಿ ಅಂತ ಅದರಲ್ಲಿತ್ತು. ಇದರಿಂದ ಆದದ್ದೇನು? ಜಾಮೀನು ಅರ್ಜಿ ವಿಡಿಯೊದಲ್ಲಿ ನಡೆಯಿತು. ರಿಮಾಂಡ್ ವಿಡಿಯೊದಲ್ಲಿ ನಡೆಯಿತು. ನಾನೇ ಮೇಲೆ ಕರಿಕೋಟು, ಕೆಳಗೆ ಪಂಚೆ ಉಟ್ಟು ವಾದ ಮಾಡಿದ್ದೇನೆ. (ನಗು) ಆದರೆ ಕ್ರಿಮಿನಲ್ ಕೇಸಿನ ಬೆನ್ನುಮೂಳೆ ವಾದ ಅಲ್ಲ, ಸಾಕ್ಷಿ. ನೋಡಿದವನು ಬಂದು ಕಟಕಟೆಯಲ್ಲಿ ನಿಂತು ‘ನಾನು ನೋಡಿದೆ’ ಅನ್ನಬೇಕು. ಆಮೇಲೆ ನಾವು ಪಾಟೀಸವಾಲು ಮಾಡಬೇಕು. ಅದು ಮುಗಿಯದೆ ಕೇಸು ತೀರ್ಪಿಗೆ ಹೋಗುವುದಿಲ್ಲ.

ವಿಡಿಯೊದಲ್ಲಿ ಸಾಕ್ಷ್ಯ ತೆಗೆದುಕೊಳ್ಳುವುದು ಕಾನೂನಿಗೆ ಹೊಸದೇನಲ್ಲ. ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ನಮ್ಮ ಹೈಕೋರ್ಟು ಕೂಡ 2020ರಲ್ಲೇ ವಿಡಿಯೊ ನಿಯಮ ತಂದಿತು. ಆದರೂ ನಡೆಯಲಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ. ನಾವು ವಕೀಲರು ಒಪ್ಪಲಿಲ್ಲ. ಒಪ್ಪದವರಲ್ಲಿ ನಾನೂ ಒಬ್ಬ.

ನಮ್ಮ ಕಾರಣಗಳು ಸುಮ್ನೆ ಹೇಳಿದ್ದಲ್ಲ. ಸಾಕ್ಷಿ ಹಳ್ಳಿಯಲ್ಲಿ ಯಾರದೋ ಮೊಬೈಲ್ ಹಿಡಿದು ಕೂತಿರುತ್ತಾನೆ. ಫೋನಿನ ಆಚೆ ಯಾರು ನಿಂತು ಸನ್ನೆ ಮಾಡುತ್ತಿದ್ದಾರೋ ನಮಗೆ ಕಾಣುವುದಿಲ್ಲ. ಮುದ್ದೆಮಾಲು ತೋರಿಸಿ ‘ಇದೇ ಮಚ್ಚಾ?’ ಅಂತ ಕೇಳಬೇಕು. ಸ್ಕ್ರೀನಿನಲ್ಲಿ ಎಲ್ಲ ಮಚ್ಚೂ ಒಂದೇ ಥರ. ಒಂದು ಪ್ರಶ್ನೆಗೆ ಸಾಕ್ಷಿ ಎಂಜಲು ನುಂಗಿದನಾ, ಕಣ್ಣು ತಪ್ಪಿಸಿದನಾ ಅನ್ನುವುದನ್ನು ಸಾಹೇಬರು ನೋಡಬೇಕು. ಇದೆಲ್ಲ ನಿಜ. ಇದರ ಜೊತೆಗೆ ಇನ್ನೊಂದು ನಿಜವೂ ಇದೆ, ಅದನ್ನು ವಕೀಲರು ಸಾಮಾನ್ಯವಾಗಿ ಸಭೆಯಲ್ಲಿ ಹೇಳುವುದಿಲ್ಲ. ಜಾಮೀನಿನ ಮೇಲೆ ಹೊರಗಿರುವ ಆರೋಪಿಗೆ ತಡ ಆದಷ್ಟೂ ಲಾಭ. ಒಳಗಿರುವವನಿಗೆ ಒಂದೊಂದು ದಿನವೂ ಭಾರ. ನಾವು ಇಬ್ಬರ ವಕಾಲತ್ತೂ ಹಾಕುತ್ತೇವೆ.

ಈಗ ಇನ್ನೊಂದು ಕಡೆ ನೋಡೋಣ. ಕೆರೆಯ ತೂಬು ಮುಚ್ಚಿತ್ತು, ಆದರೆ ನೀರು ಬರುವುದು ನಿಂತಿರಲಿಲ್ಲ. ಎಲ್ಲರೂ ಮನೆಯಲ್ಲಿದ್ದರು, ಹಾಗಾಗಿ ಅಪರಾಧ ಕಡಿಮೆ ಆಯಿತು ಅಂತ ನೀವು ಅಂದುಕೊಂಡಿರಬಹುದು. ಕಳ್ಳತನ ಕಡಿಮೆ ಆಯಿತು, ನಿಜ. ಒಟ್ಟು ಲೆಕ್ಕ ಮಾತ್ರ ಏರಿತು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2020ರಲ್ಲಿ ದೇಶದಲ್ಲಿ ದಾಖಲಾದದ್ದು 66 ಲಕ್ಷ ಅಪರಾಧ. ಹಿಂದಿನ ವರ್ಷಕ್ಕಿಂತ ಶೇ 28 ಜಾಸ್ತಿ. ಮುಖ್ಯ ಕಾರಣ ಐಪಿಸಿ ಕಲಂ 188. ಸರ್ಕಾರಿ ಅಧಿಕಾರಿಯ ಆದೇಶ ಮೀರಿದ್ದು. 2019ರಲ್ಲಿ ಇದರಡಿ ಇಡೀ ದೇಶದಲ್ಲಿ 29,469 ಕೇಸು. 2020ರಲ್ಲಿ 6,12,179. ಹೆಚ್ಚು ಕಡಿಮೆ ಇಪ್ಪತ್ತು ಪಟ್ಟು.

ಇವರು ಯಾರು? ಹಾಲಿಗೆ ಹೋದವರು, ಮಾತ್ರೆಗೆ ಹೋದವರು, ಸುಮ್ನೆ ಬೇಜಾರಾಗಿ ಬೈಕ್ ತೆಗೆದವರು. ನನ್ನ ಹತ್ತಿರ ಬಂದ ಒಬ್ಬ ಹುಡುಗ ಭಾನುವಾರ ಕೋಳಿ ತರಲು ಹೋಗಿದ್ದ. ಕೋಳಿ ಸಿಕ್ಕಲಿಲ್ಲ, ಎಫ್‌ಐಆರ್ ಸಿಕ್ಕಿತು. ಇದರಲ್ಲೊಂದು ತಮಾಷೆ ಇದೆ, ಇಲ್ಲಿರುವ ಲಾ ಓದುವ ಹುಡುಗರಿಗೆ ಗೊತ್ತಿರಬೇಕು. ಕಲಂ 188ರಡಿ ಪೊಲೀಸರು ಎಫ್‌ಐಆರ್ ಮಾಡಿದ ಮಾತ್ರಕ್ಕೆ ಕೋರ್ಟು ಕೇಸು ಕೈಗೆತ್ತಿಕೊಳ್ಳುವ ಹಾಗಿರಲಿಲ್ಲ. ಆದೇಶ ಮಾಡಿದ ಅಧಿಕಾರಿಯೋ ಅವರ ಮೇಲಧಿಕಾರಿಯೋ ಲಿಖಿತ ದೂರು ಕೊಡಬೇಕಿತ್ತು. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅನ್ನುವ ಆಗಿನ ಕಾನೂನು, ಸಿಆರ್‌ಪಿಸಿ, ಅದರ ಕಲಂ 195 ಹಾಗೆ ಹೇಳುತ್ತಿತ್ತು. ಅಂದರೆ ಆ ರಾಶಿಯಲ್ಲಿ ಎಷ್ಟೋ ಕೇಸು ಕಾನೂನಿನ ಮುಂದೆ ನಿಲ್ಲುವಂಥವೇ ಅಲ್ಲ. ಆದರೂ ಒಂದೊಂದಕ್ಕೂ ನಂಬರು, ಕಡತ, ವಾಯಿದೆ. ತಮಿಳುನಾಡಿನಲ್ಲಿ 2021ರ ಫೆಬ್ರವರಿಯಲ್ಲಿ ಇಂಥ ಸುಮಾರು 10 ಲಕ್ಷ ಲಾಕ್‌ಡೌನ್ ಕೇಸುಗಳನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಆಗಿನ ಮುಖ್ಯಮಂತ್ರಿ ಪಳನಿಸ್ವಾಮಿ ಹೇಳಬೇಕಾಯಿತು. ಚುನಾವಣೆ ಹತ್ತಿರ ಇತ್ತು ಅನ್ನುವುದನ್ನೂ ಸೇರಿಸಿಕೊಳ್ಳಿ.

ಇನ್ನು ಜೈಲು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಕಾಡಿದ ಅಂಕಿ ಇರುವುದು ಇಲ್ಲಿ.

2019ರ ಕೊನೆಗೆ ದೇಶದ ಜೈಲುಗಳಲ್ಲಿ ಶಿಕ್ಷೆಯಾದ ಕೈದಿಗಳು ಸುಮಾರು 1.44 ಲಕ್ಷ. 2020ರ ಕೊನೆಗೆ 1.12 ಲಕ್ಷ. ಇಳಿಯಿತು. ಅದೇ ಒಂದು ವರ್ಷದಲ್ಲಿ ವಿಚಾರಣಾಧೀನ ಕೈದಿಗಳು 3.30 ಲಕ್ಷದಿಂದ 3.71 ಲಕ್ಷಕ್ಕೆ ಏರಿದರು. 2021ರ ಕೊನೆಗೆ 4.27 ಲಕ್ಷ. ಜೈಲು ಖಾಲಿ ಮಾಡಿ ಅಂತ ಸುಪ್ರೀಂ ಕೋರ್ಟು ಹೇಳಿದ ವರ್ಷದಲ್ಲೇ, ತಪ್ಪು ಮಾಡಿದ್ದಾನೆ ಅಂತ ಇನ್ನೂ ಯಾರೂ ತೀರ್ಮಾನ ಮಾಡದ ಜನ ಒಳಗೆ ಜಾಸ್ತಿಯಾದರು. ಹೇಗೆ?

ಶಿಕ್ಷೆಯಾದವರಲ್ಲಿ ಕೆಲವರು ಪೆರೋಲ್ ಮೇಲೆ ಹೊರಗೆ ಹೋದರು. ಹೊಸದಾಗಿ ಶಿಕ್ಷೆ ಆಗುವವರು ಕಡಿಮೆಯಾದರು, ಯಾಕೆಂದರೆ ವಿಚಾರಣೆಯೇ ಮುಗಿಯುತ್ತಿರಲಿಲ್ಲ. ಬಂಧನ ಮಾತ್ರ ನಡೆದೇ ಇತ್ತು. ವಿಚಾರಣಾಧೀನರಲ್ಲೂ ಮಧ್ಯಂತರ ಜಾಮೀನಿನ ಮೇಲೆ ಹೋದವರಿದ್ದರು. ಆದರೆ ಹೋದವರಿಗಿಂತ ಬಂದವರು ಜಾಸ್ತಿ. 2021ರಲ್ಲಿ ನಮ್ಮ ಜೈಲುಗಳಲ್ಲಿ ನೂರು ಜನ ಇರಬೇಕಾದ ಕಡೆ ಸರಾಸರಿ 130 ಜನ ಇದ್ದರು. ಆರಡಿ ಅಂತರ ಕಾಪಾಡಿ ಅಂತ ನಮ್ಮ ಫೋನಿನ ಕಾಲರ್ ಟ್ಯೂನ್ ದಿನವೂ ಕೆಮ್ಮುತ್ತಿದ್ದ ಕಾಲ ಅದು.

ರಾಮನಗರದ ಪ್ರಸಂಗ ನಿಮಗೆ ನೆನಪಿರಬಹುದು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಗಲಾಟೆ ಆಯಿತು. ಬಂಧಿತರನ್ನು ರಾಮನಗರದ ಜೈಲಿಗೆ ತಂದು ಹಾಕಿದರು. ಆಗ ಆ ಜಿಲ್ಲೆಯಲ್ಲಿ ಸೋಂಕೇ ಇರಲಿಲ್ಲ. ತಂದವರಲ್ಲಿ ಕೆಲವರಿಗೆ ಪಾಸಿಟಿವ್ ಬಂತು. ಊರಿನವರು ಎದ್ದು ಕೂತರು. ಮತ್ತೆ ಎಲ್ಲರನ್ನೂ ಬೆಂಗಳೂರಿಗೆ ಸಾಗಿಸಿದರು. ಒಬ್ಬನನ್ನು ಬಂಧಿಸಿದರೆ ಎಲ್ಲಿ ಇಡಬೇಕು ಅನ್ನುವ ಸರಳ ಪ್ರಶ್ನೆಗೂ ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಜಾಮೀನು ಸಿಕ್ಕಿದರೂ ಎಲ್ಲರೂ ಹೊರಗೆ ಬರುತ್ತಿರಲಿಲ್ಲ. ಆದೇಶ ವಿಡಿಯೊದಲ್ಲಿ ಬರುತ್ತದೆ, ಸರಿ. ಶ್ಯೂರಿಟಿ ಕೊಡುವವರು ವಿಡಿಯೊದಲ್ಲಿ ಬಂದರೆ ಆಗುತ್ತಾ? ಪಹಣಿ ಹಿಡಿದು, ಆಧಾರ್ ಹಿಡಿದು, ಕೋರ್ಟಿಗೇ ಬರಬೇಕು. ಬಸ್ಸಿಲ್ಲ. ಬಂದವರು ವಾಪಸ್ ಹೋಗುವುದಕ್ಕೂ ಇಲ್ಲ. ನನ್ನ ಒಬ್ಬ ಕಕ್ಷಿದಾರನ ಚಿಕ್ಕಪ್ಪ ನಲವತ್ತು ಕಿಲೋಮೀಟರ್ ಟಿವಿಎಸ್‌ನಲ್ಲಿ ಬಂದರು. ದಾರಿಯಲ್ಲಿ ಎರಡು ಕಡೆ ಪೊಲೀಸರು ತಡೆದರು. ಪಹಣಿ ತೋರಿಸಿ ‘ಮಗನ್ನ ಬಿಡಿಸ್ಕಂಡ್ ಬರಕ್ ಹೋಯ್ತಿದೀನಿ ಸಾರ್’ ಅಂದರಂತೆ. ಅಣ್ಣನ ಮಗನನ್ನು ಮಗ ಅನ್ನುವ ಊರು ನಮ್ಮದು.

ಇದರ ಮಧ್ಯೆ ಒಂದು ಒಳ್ಳೆಯ ತೀರ್ಪೂ ಬಂತು. ಬಂಧಿಸಿದ ಮೇಲೆ 60 ದಿನ, ದೊಡ್ಡ ಅಪರಾಧವಾದರೆ 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕಬೇಕು. ಇಲ್ಲದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಕಾಲಮಿತಿ ಎಲ್ಲರಿಗೂ ವಿಸ್ತರಣೆ ಆಗಿದೆಯಲ್ಲ, ನಮಗೂ ಆಗಿದೆ ಅಂತ ಪೊಲೀಸರು ವಾದ ಹೂಡಿದರು. ಮದ್ರಾಸ್ ಹೈಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಆಗುವುದಿಲ್ಲ ಅಂದರು, ಇನ್ನೊಬ್ಬರು ಆಗುತ್ತದೆ ಅಂದರು. 2020ರ ಜೂನ್ 19ರಂದು ಎಸ್. ಕಾಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಗೆಹರಿಸಿತು. ಮನುಷ್ಯ ಒಳಗಿರುವಾಗ ಪೊಲೀಸರಿಗೆ ಆ ವಿನಾಯಿತಿ ಇಲ್ಲ. ನಾನು ಆ ತೀರ್ಪಿನ ಪ್ರಿಂಟ್ ತೆಗೆದು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಆದರೆ ಇದಕ್ಕೂ ಒಂದು ಬಾಲ ಇದೆ. ಗಡುವು ತಪ್ಪಬಾರದು ಅಂತ ಅವಸರದಲ್ಲಿ ಹಾಕಿದ ಚಾರ್ಜ್‌ಶೀಟ್‌ಗಳನ್ನು ನಾನು ನೋಡಿದ್ದೇನೆ. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಇಲ್ಲ, ಫೋನ್ ಕರೆಯ ವಿವರ ಇಲ್ಲ, ‘ಮುಂದೆ ಹಾಜರುಪಡಿಸಲಾಗುವುದು’ ಅಂತ ಒಂದು ಸಾಲು. ಆ ‘ಮುಂದೆ’ ಬರುವ ತನಕ ಕೇಸು ಕೂತಲ್ಲೇ ಕೂತಿತು.

ಕೋರ್ಟು ಹಂತ ಹಂತವಾಗಿ ತೆರೆಯಿತು. ದಿನಕ್ಕೆ ಇಷ್ಟೇ ಕೇಸು, ಹಾಲಿನಲ್ಲಿ ಇಷ್ಟೇ ಜನ. ಒಂದಿಷ್ಟು ಚೇತರಿಕೆ ಬರುವಷ್ಟರಲ್ಲಿ 2021ರ ಏಪ್ರಿಲ್, ಎರಡನೇ ಅಲೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಮ್ಮ ಬಾರ್ ಅಸೋಸಿಯೇಷನ್ ಗೋಡೆಯ ಮೇಲೆ ಆ ವರ್ಷ ಹೊಸ ಫೋಟೋಗಳು ಬಂದವು.

ಈಗ ಟೀ ಅಂಗಡಿಯವರ ಕಥೆ. 2020ರ ಮಾರ್ಚ್ 26ಕ್ಕೆ ಬರಬೇಕಿದ್ದವರು ಕಟಕಟೆ ಹತ್ತಿದ್ದು 2022ರ ಆಗಸ್ಟಿನಲ್ಲಿ. ಘಟನೆ ನಡೆದದ್ದು 2018ರಲ್ಲಿ. ಸರ್ಕಾರಿ ವಕೀಲರು, ಎಪಿಪಿಯವರು, ಕೇಳಿದರು, ಮೊದಲು ಹೊಡೆದವರು ಯಾರು ಅಂತ. ಅವರು ತುಂಬ ಹೊತ್ತು ಯೋಚಿಸಿದರು. ‘ಸ್ವಾಮಿ, ಕೊರೊನಾ ಮುಂಚೆದು ಯಾವುದೂ ಸರಿಯಾಗಿ ಗ್ಯಾಪಕ ಇಲ್ಲ’ ಅಂದರು. ಹಾಲಿನಲ್ಲಿ ಯಾರೋ ನಕ್ಕರು. ನಾನು ನಗಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ನಮಗೆಲ್ಲ ಹಾಗೆ ಆಗಿದೆ, ಅಲ್ವಾ? 2019 ಅಂದರೆ ಯಾವುದೋ ಬೇರೆ ಜನ್ಮ ಅನ್ನಿಸುತ್ತದೆ. ಎಪಿಪಿಯವರು ಅವರನ್ನು ಹಾಸ್ಟೈಲ್, ಕರೆಸಿದವರಿಗೇ ತಿರುಗಿಬಿದ್ದ ಸಾಕ್ಷಿ, ಅಂತ ಪರಿಗಣಿಸಿ ಅಂದರು. ಯಾರೂ ಅವರಿಗೆ ದುಡ್ಡು ಕೊಟ್ಟಿರಲಿಲ್ಲ, ಹೆದರಿಸಿರಲಿಲ್ಲ. ಕಾಲವೇ ಅವರನ್ನು ಹಾಸ್ಟೈಲ್ ಮಾಡಿತ್ತು. ನನ್ನ ಕಕ್ಷಿದಾರ ಬಿಡುಗಡೆಯಾದ. ನನಗೆ ಫೀಸು ಬಂತು. ಸತ್ತವನ ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದರು. ಅವರನ್ನು ದಾಟಿಕೊಂಡೇ ನಾನು ಹೋಗಬೇಕಿತ್ತು.

ಬಾಕಿ ಅಂದರೆ ಕಡತದ ರಾಶಿ ಅಂತ ನಾವು ಅಂದುಕೊಳ್ಳುತ್ತೇವೆ. ಕಡತಕ್ಕೆ ಏನೂ ಆಗುವುದಿಲ್ಲ, ಜಾಸ್ತಿ ಅಂದರೆ ಗೆದ್ದಲು ಹಿಡಿಯಬಹುದು. ಹಾಳಾಗುವುದು ನೆನಪು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ ಮಗುವಿನ ಸಾಕ್ಷ್ಯವನ್ನು 30 ದಿನದಲ್ಲಿ ದಾಖಲಿಸಬೇಕು, ಒಂದು ವರ್ಷದಲ್ಲಿ ವಿಚಾರಣೆ ಮುಗಿಸಬೇಕು ಅಂತ ಇದೆ, ಸಾಧ್ಯವಾದ ಮಟ್ಟಿಗೆ. ಒಂಬತ್ತು ವರ್ಷದ ಮಗುವಿಗೆ ಎರಡು ವರ್ಷ ಅಂದರೆ ಎಷ್ಟು ದೊಡ್ಡದು ಯೋಚನೆ ಮಾಡಿ. ಆ ಮಗು ಅದನ್ನು ಮರೆಯಲಿ ಅಂತ ಮನೆಯವರು ದೇವರಿಗೆ ಹರಕೆ ಹೊತ್ತಿರುತ್ತಾರೆ. ಮರೆಯಬೇಡ ಅಂತ ನಾವು ಸಮನ್ಸ್ ಕಳಿಸುತ್ತೇವೆ.

ಸಣ್ಣ ಸಣ್ಣ ಗೋಜಲೂ ಇದ್ದವು. ಆರೋಪಿಯನ್ನು ಗುರುತಿಸಿ ಅಂದರೆ ಹಾಲಿನಲ್ಲಿರುವ ಎಲ್ಲರ ಮುಖಕ್ಕೂ ಮಾಸ್ಕ್. ಮಾಸ್ಕ್ ಇಳಿಸಿ ಅಂತ ಸಾಹೇಬರು ಹೇಳಬೇಕು. ಆರೋಪಿ ಗಡ್ಡ ಬಿಟ್ಟಿರುತ್ತಾನೆ. ಮಹಜರಿಗೆ ಸಹಿ ಹಾಕಿದ ಪಂಚರು ಬೆಂಗಳೂರು ಬಿಟ್ಟು ಊರಿಗೆ ಹೋದವರು ವಾಪಸ್ ಬಂದೇ ಇಲ್ಲ. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಬೇರೆ ಜಿಲ್ಲೆಯ ಕೋವಿಡ್ ವಾರ್ಡಿನಲ್ಲಿ. ಕೆಲವು ಸಮನ್ಸ್‌ಗಳ ಹಿಂದೆ ಕೋರ್ಟ್ ಕೆಲಸದ ಪೊಲೀಸ್ ಪೇದೆ ಒಂದೇ ಪದ ಬರೆದು ತರುತ್ತಿದ್ದರು: ‘ಮೃತ’.

ಬಾಕಿ ಕರಗಿಸಲು ಲೋಕ ಅದಾಲತ್ ಮಾಡಿದರು. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಆನ್‌ಲೈನಿನಲ್ಲೇ ನಡೆಯಿತು. ಒಳ್ಳೆಯದೇ. ಚೆಕ್ ಬೌನ್ಸ್‌ನಂಥ ರಾಜಿ ಆಗಬಹುದಾದ ಕೇಸುಗಳಿಗೆ ಅದು ಸರಿ. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳಲ್ಲಿ 35 ಲಕ್ಷ ಚೆಕ್ ಕೇಸೇ ಅಂತ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಹೇಳಿದೆ. ಆದರೆ ಅದಾಲತ್ ಆದ ಮಾರನೇ ದಿನ ಪೇಪರಿನಲ್ಲಿ ‘ಇಷ್ಟು ಸಾವಿರ ಕೇಸು ಇತ್ಯರ್ಥ’ ಅಂತ ಬಂದಾಗ ಒಂದು ನೆನಪಿಟ್ಟುಕೊಳ್ಳಿ. ಅದರಲ್ಲಿ ಕೊಲೆ ಕೇಸು ಇರುವುದಿಲ್ಲ. ಅತ್ಯಾಚಾರದ ಕೇಸು ಇರುವುದಿಲ್ಲ. ಮೇಲಿನ ಹೊಟ್ಟು ಹಾರಿಹೋಗಿ ರಾಶಿ ಚಿಕ್ಕದಾಗಿ ಕಾಣುತ್ತದೆ. ತಳದ ಕಾಳು ಹಾಗೇ ಇರುತ್ತದೆ.

ಇದು ನಮ್ಮ ದೇಶದ್ದು ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ದೊಡ್ಡ ಅಪರಾಧಗಳನ್ನು ಕ್ರೌನ್ ಕೋರ್ಟಿನಲ್ಲಿ ಹನ್ನೆರಡು ಜನ ಜ್ಯೂರಿಗಳು ಕೂತು ತೀರ್ಮಾನ ಮಾಡುತ್ತಾರೆ. 2020ರ ಮಾರ್ಚ್‌ನಲ್ಲಿ ಜ್ಯೂರಿ ವಿಚಾರಣೆ ನಿಂತಿತು, ಮೇ ತಿಂಗಳಲ್ಲಿ ಮತ್ತೆ ಶುರುವಾಯಿತು. ಜಾಗ ಸಾಲದೆ ನಾಟಕದ ಥಿಯೇಟರ್, ಹೋಟೆಲ್ ಹಿಡಿದು ಅಲ್ಲಿ ಕೋರ್ಟು ನಡೆಸಿದರು. ಆದರೂ 2019ರ ಕೊನೆಗೆ ಸುಮಾರು 38 ಸಾವಿರ ಇದ್ದ ಬಾಕಿ 2021ರಲ್ಲಿ 60 ಸಾವಿರದ ಆಸುಪಾಸಿಗೆ ಹೋಯಿತು. ವಿಚಿತ್ರ ಏನೆಂದರೆ, ಕೊರೊನಾ ಹೋದ ಮೇಲೂ ಇಳಿಯಲಿಲ್ಲ. 2024ರ ಕೊನೆಗೆ 70 ಸಾವಿರ ದಾಟಿತ್ತು. ನಡುವೆ 2022ರಲ್ಲಿ ಅಲ್ಲಿನ ವಕೀಲರು ಫೀಸು ಸಾಲದು ಅಂತ ಮುಷ್ಕರ ಹೂಡಿದರು. ಅದಕ್ಕೂ ಮುಂಚೆ, ಕೊರೊನಾ ಇಲ್ಲದ ಕಾಲದಲ್ಲೇ, ಖರ್ಚು ಉಳಿಸಲು ಸರ್ಕಾರ ಕೋರ್ಟು ಕೂರುವ ದಿನಗಳನ್ನು ಕಡಿತ ಮಾಡಿತ್ತು.

ನಮ್ಮಲ್ಲೂ ಅಷ್ಟೇ. 10 ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕು ಅಂತ ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಈಗಲೂ ಇರುವುದು 21ರ ಸುತ್ತಮುತ್ತ. ಅದರಲ್ಲೂ ಜಿಲ್ಲಾ, ತಾಲ್ಲೂಕು ಮಟ್ಟದಲ್ಲಿ ದೇಶದಾದ್ಯಂತ ಸುಮಾರು 5 ಸಾವಿರ ಕುರ್ಚಿ ಖಾಲಿ. ಬರಗಾಲದಲ್ಲಿ ಅಧಿಕ ಮಾಸ ಅನ್ನುತ್ತಾರಲ್ಲ, ಹಾಗೆ. 2020ರಲ್ಲಿ ನಿಜಕ್ಕೂ ಅಧಿಕ ಮಾಸ ಬಂದಿತ್ತು, ಆಶ್ವಯುಜದಲ್ಲಿ. ನಮ್ಮ ಬೆಂಚ್ ಕ್ಲರ್ಕ್ ಕ್ಯಾಲೆಂಡರ್ ನೋಡಿ ‘ಇದೊಂದು ಕಮ್ಮಿ ಆಗಿತ್ತು’ ಅಂದಿದ್ದರು.

ನಾನು ಇಷ್ಟಕ್ಕೆ ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

(ಎರಡು ಪ್ರಶ್ನೆ ಬಂದವು. ಅವನ್ನೂ ಬರೆದಿದ್ದೇನೆ.)

ಮೊದಲನೆಯದು ಲಾ ಕಾಲೇಜಿನ ಹುಡುಗಿಯದು. ‘ಸರ್, ಈಗ ಹೊಸ ಕಾನೂನಲ್ಲಿ ವಿಡಿಯೊದಲ್ಲೇ ವಿಚಾರಣೆ ಮಾಡಬಹುದಲ್ವಾ?’

ಹೌದಮ್ಮ. ಸಿಆರ್‌ಪಿಸಿ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 530ರಲ್ಲಿ ಅವಕಾಶ ಇದೆ. ಕಲಂ 479ರಲ್ಲಿ ಇನ್ನೊಂದು ಒಳ್ಳೆಯದಿದೆ. ಮೊದಲ ಸಲ ಸಿಕ್ಕಿಬಿದ್ದವನು ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಆಗಲೇ ಒಳಗೆ ಕಳೆದಿದ್ದರೆ ಬಿಡಬೇಕು. ಮರಣದಂಡನೆ, ಜೀವಾವಧಿ ಇರುವ ಅಪರಾಧಕ್ಕೆ ಇದಿಲ್ಲ. ವಿಡಿಯೊ ಬಗ್ಗೆ ನನ್ನ ಅಭಿಪ್ರಾಯ ಈಗ ಬದಲಾಗಿದೆ. ಡಾಕ್ಟರು, ಎಫ್‌ಎಸ್‌ಎಲ್‌ನವರು, ವರ್ಗವಾದ ಪೊಲೀಸರು, ಇವರನ್ನೆಲ್ಲ ವಿಡಿಯೊದಲ್ಲೇ ಮುಗಿಸಬಹುದು. ಅವರು ಕಡತ ನೋಡಿ ಹೇಳುವವರು. ಕಣ್ಣಾರೆ ನೋಡಿದವರು ಮಾತ್ರ ಕಟಕಟೆಗೇ ಬರಲಿ. 2020ರಲ್ಲಿ ನಾವು ಈ ಎರಡನ್ನೂ ಬೇರೆ ಮಾಡಿ ನೋಡಲಿಲ್ಲ. ಎಲ್ಲದಕ್ಕೂ ಒಪ್ಪುವುದಿಲ್ಲ ಅಂದೆವು.

ಎರಡನೆಯದು ನಿವೃತ್ತ ಮೇಷ್ಟ್ರದು. ‘ಆಗ ಜೈಲಿಂದ ಬಿಟ್ಟರಲ್ಲ, ಅವರೆಲ್ಲ ಏನಾದರು?’

ಸಾರ್, 2023ರ ಮಾರ್ಚ್ 24ರಂದು, ಲಾಕ್‌ಡೌನ್ ಘೋಷಣೆಯಾಗಿ ಸರಿಯಾಗಿ ಮೂರು ವರ್ಷಕ್ಕೆ, ಸುಪ್ರೀಂ ಕೋರ್ಟು ಅವರೆಲ್ಲ 15 ದಿನದಲ್ಲಿ ಶರಣಾಗಬೇಕು ಅಂದಿತು. ಶರಣಾಗಿ ಆಮೇಲೆ ಜಾಮೀನು ಕೇಳಿಕೊಳ್ಳಿ ಅಂತ. ನನ್ನ ಹತ್ತಿರ ಅಂಥ ಒಬ್ಬ ಹುಡುಗ ಇದ್ದ. ಹೊಡೆದಾಟದ ಕೇಸು. 2020ರಲ್ಲಿ ಮಧ್ಯಂತರ ಜಾಮೀನಿನ ಮೇಲೆ ಬಂದವನು ಗಾರೆ ಕೆಲಸ ಹಿಡಿದ, ಮದುವೆಯಾದ, ಮಗುವೂ ಆಯಿತು. ಹೊರಗೇ ಇದ್ದೇನಲ್ಲ ಅಂತ ಕಾಯಂ ಜಾಮೀನಿಗೆ ಅರ್ಜಿ ಹಾಕಿಸಿರಲಿಲ್ಲ. ನಾನೂ ನೆನಪಿಸಿರಲಿಲ್ಲ. ಒಂದು ದಿನ ಬೆಳಗ್ಗೆ ಬಟ್ಟೆಯ ಬ್ಯಾಗ್ ಹಿಡಿದು ನನ್ನ ಆಫೀಸಿಗೆ ಬಂದ. ಹೆಂಡತಿ ಮಗುವನ್ನು ಎತ್ತಿಕೊಂಡು ಹೊರಗೆ ನಿಂತಿದ್ದಳು. ಹನ್ನೊಂದು ದಿನ ಒಳಗಿದ್ದು ಬಂದ.

ಕೇಸು ಇನ್ನೂ ಮುಗಿದಿಲ್ಲ. ತನಿಖಾಧಿಕಾರಿಯ ಸಾಕ್ಷಿ ಒಂದು ಬಾಕಿ ಇದೆ. ಅವರು ನಿವೃತ್ತರಾಗಿ ಮಗಳ ಮನೆ ಸೇರಿದ್ದಾರೆ. ಹೋದ ವಾಯಿದೆಗೆ ಸಮನ್ಸ್ ‘ವಿಳಾಸದಲ್ಲಿ ಇಲ್ಲ’ ಅಂತ ವಾಪಸ್ ಬಂತು. ಹೊಸ ವಿಳಾಸ ನನಗೆ ಗೊತ್ತು. ಆದರೆ ಅದನ್ನು ಕೋರ್ಟಿಗೆ ಕೊಡುವುದು ನನ್ನ ಕೆಲಸ ಅಲ್ಲ ಸಾರ್, ಎಪಿಪಿಯವರದು.